ಟವೆಲಿನ ಕೆಳಗೆ ಕುದುರಿದ ಟ್ರ್ಯಾಕ್ಟರು

ಮೊನ್ನೆ ದೊಡ್ಡಬಳ್ಳಾಪುರದಲ್ಲಿ ಒಂದು ಸೈಕಲ್ ಕೊಂಡೆ. ಸೈಕಲ್ ಆರಿಸಲು ಅರ್ಧ ಗಂಟೆ ಹಿಡಿಯಿತು, ಬಿಲ್ಲು ಓದಲು ಒಂದು ಗಂಟೆ. ಬಿಲ್ಲನ್ನು ನಾನು ಎಲ್ಲರ ಹಾಗೆ ಮೇಲಿನಿಂದ ಓದುವವನಲ್ಲ. ಕೊನೆಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಹೋಗುತ್ತೇನೆ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇದು ಏನು, ಯಾಕೆ, ಯಾರಿಗೆ ಎಂದು ಕೇಳುತ್ತೇನೆ. ಈ ಸಲ ಕೆಳಗಡೆ ‘ಫಿಟ್ಟಿಂಗ್ ಚಾರ್ಜು ಮೂರು ರೂಪಾಯಿ’ ಎಂದು ಬರೆದಿತ್ತು. ಚಕ್ರ ಬಿಚ್ಚಿಟ್ಟು ಮಾರುವ ಸೈಕಲ್ ಯಾವುದಾದರೂ ಉಂಟೇ, ಜೋಡಿಸಿ ಕೊಡುವುದು ನಿಮ್ಮ ಕೆಲಸವೋ ನನ್ನ ಕೆಲಸವೋ ಎಂದು ಹಿಡಿದುಕೊಂಡೆ. ನನ್ನ ಹೆಂಡತಿ ಇದೆಲ್ಲ ಗೊತ್ತಿದ್ದವಳು. ಅಂಗಡಿಯ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಅವರೆಕಾಯಿ ತೆಗೆದು ಸುಲಿಯಲು ಶುರುಮಾಡಿದಳು.

ಕೊನೆಗೆ ಅಂಗಡಿಯವನಿಗೇ ಸಾಕಾಗಿ ಹೋಯಿತು. ಆ ಸಾಲನ್ನು ಹೊಡೆದುಹಾಕಿ ಮೂರು ರೂಪಾಯಿಯನ್ನು ಮೇಜಿನ ಮೇಲಿಟ್ಟ. “ತಗೊಳ್ಳಿ ಸಾರ್. ನಿಮಗೆ ಮೋಸ ಮಾಡೋರು ಇನ್ನೂ ಹುಟ್ಟಿಲ್ಲ ಬಿಡಿ,” ಎಂದ. ಅವನು ಹೇಳಿದ್ದು ವ್ಯಂಗ್ಯವಾಗಿ. ಹೆಂಡತಿ ನಕ್ಕಳು, ಪಕ್ಕದಲ್ಲಿ ಪಂಕ್ಚರ್ ಹಾಕಿಸುತ್ತಿದ್ದವರೂ ನಕ್ಕರು. ನನಗೆ ಮಾತ್ರ ಆ ಮಾತು ಎಲ್ಲಿಗೋ ನಾಟಿತು. ಆ ಮೂರು ರೂಪಾಯಿಯನ್ನು ಎಣಿಸದೆ ಜೇಬಿಗೆ ಹಾಕಿಕೊಂಡದ್ದನ್ನು ಅವಳು ನೋಡಲಿಲ್ಲ.

ಸ್ಕೂಲಿನಲ್ಲಿ ನನಗೆ ‘ಆಡಿಟರ್ ಮೇಷ್ಟ್ರು’ ಎಂದು ಹೆಸರಿದೆ. ಹೋಟೆಲಿಗೆ ಹೋದರೆ ನನ್ನ ಜೊತೆಯವರು ಬಿಲ್ಲು ಬರುವ ಮೊದಲೇ ಎದ್ದು ಕೈ ತೊಳೆಯಲು ಹೋಗುತ್ತಾರೆ. ಈ ಚಟ ಎಲ್ಲಿಂದ ಬಂತೆಂದು ಇವರಾರೂ ಕೇಳಿಲ್ಲ. ಜಿಪುಣ ಎಂದುಕೊಂಡು ಸುಮ್ಮನಾಗಿದ್ದಾರೆ. ಜಿಪುಣ ಎನ್ನಿಸಿಕೊಳ್ಳುವುದೇ ವಾಸಿ ಎಂದು ನಾನೂ ಸುಮ್ಮನಿದ್ದೇನೆ. ನಿಮಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ನೀವು ನನ್ನ ಮುಖ ನೋಡುವವರಲ್ಲ.

ಇದನ್ನು ಅಪ್ಪನ ಟವೆಲಿನಿಂದ ಶುರುಮಾಡಬೇಕು. ಅಪ್ಪನಿಗೆ ಎರಡು ಟವೆಲುಗಳಿದ್ದವು. ಒಂದು ಬೆವರು ಒರೆಸುವುದಕ್ಕೆ, ಇನ್ನೊಂದು ವ್ಯಾಪಾರಕ್ಕೆ. ವ್ಯಾಪಾರದ್ದು ದಪ್ಪ ನೂಲಿನದು, ಕೆಂಪು ಅಂಚಿನದು. ಅದನ್ನು ಅಮ್ಮ ಬೇರೆ ಬಟ್ಟೆಗಳ ಜೊತೆ ನೆನೆಹಾಕುವಂತಿರಲಿಲ್ಲ. ನಮ್ಮ ಕಡೆ ದನದ ವ್ಯಾಪಾರ ನಡೆಯುವುದು ಬಾಯಲ್ಲಲ್ಲ, ಕೈಯಲ್ಲಿ ಎಂಬುದು ನಿಮಗೆ ಗೊತ್ತಿರಬಹುದು. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಕೈ ಚಾಚುತ್ತಾರೆ, ಕೈಗಳ ಮೇಲೆ ಟವೆಲ್ ಬೀಳುತ್ತದೆ. ನೂರೋ ಸಾವಿರವೋ ಎಂಬುದೊಂದನ್ನು ಬಾಯಲ್ಲಿ ಹೇಳಿದರೆ ಮುಗಿಯಿತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪೂರ್ತಿ ಕೈ ಹಿಡಿದರೆ ಐದು, ಬೆರಳನ್ನು ಮಡಿಸಿದರೆ ಅರ್ಧ. ಸುತ್ತ ನೂರು ಜನ ನಿಂತು ನೋಡುತ್ತಿದ್ದರೂ ಬೆಲೆ ಏನೆಂದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ವ್ಯಾಪಾರ ಮುಗಿದ ಮೇಲೂ ಅದನ್ನು ಹೊರಗೆ ಆಡುವಂತಿಲ್ಲ.

ದೇವನಹಳ್ಳಿಯ ಸುತ್ತಮುತ್ತ ಅಪ್ಪನ ಕೈಗೆ ಹೆಸರಿತ್ತು. ಘಾಟಿಯ ದನದ ಜಾತ್ರೆಗೆ ಹೊರಟರೆ ನಮ್ಮೂರಿನವರಷ್ಟೇ ಅಲ್ಲ, ಅಕ್ಕಪಕ್ಕದ ಊರಿನವರೂ ‘ನಾರಾಯಣಪ್ಪ, ನಮಗೂ ಒಂದು ಜೊತೆ ನೋಡು’ ಎಂದು ಹಣ ಕೊಟ್ಟು ಕಳಿಸುತ್ತಿದ್ದರು. ಲೆಕ್ಕ ಕೇಳುತ್ತಿರಲಿಲ್ಲ. ಅಪ್ಪನ ದೊಡ್ಡ ವಿದ್ಯೆ ಎಂದರೆ ಎದ್ದು ಹೋಗುವುದು. ಬೆಲೆ ಕುದುರದಿದ್ದರೆ ಕೈ ಬಿಡಿಸಿಕೊಂಡು, ಟವೆಲನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕಿಕೊಂಡು, ತಿರುಗಿ ನೋಡದೆ ನಡೆಯುತ್ತಿದ್ದರು. ಹತ್ತು ಹೆಜ್ಜೆಯೊಳಗೆ ಮಾರುವವನು ಕೂಗಿ ಕರೆಯುತ್ತಿದ್ದ. ಹನ್ನೊಂದನೆಯ ಹೆಜ್ಜೆ ಇಟ್ಟದ್ದನ್ನು ನಾನು ನೋಡಿಲ್ಲ.

ನನಗೂ ಈ ವಿದ್ಯೆ ಕಲಿಸಲು ಅಪ್ಪ ಪ್ರಯತ್ನಪಟ್ಟರು. ಜಗಲಿಯ ಮೇಲೆ ಕೂರಿಸಿಕೊಂಡು, ಇಲ್ಲದ ಎತ್ತುಗಳಿಗೆ ಬೆಲೆ ಕಟ್ಟಿಸುತ್ತಿದ್ದರು. ನನಗೆ ಟವೆಲಿನ ಕೆಳಗೆ ಕೈ ಹೋದರೆ ಕಚಗುಳಿ. ನಾನು ನಕ್ಕು ಎರಡು ಬೆರಳಿನ ಬದಲು ನಾಲ್ಕು ಹಿಡಿದು, ಇನ್ನೂರು ರೂಪಾಯಿಯ ಎತ್ತನ್ನು ನಾನೂರಕ್ಕೆ ಕೊಂಡುಬಿಡುತ್ತಿದ್ದೆ. “ಇವನು ಓದ್ಕೊಳ್ಲಿ ಬುಡು,” ಎಂದು ದೊಡ್ಡಪ್ಪ ತೀರ್ಪು ಕೊಟ್ಟರು. ಹಾಗೆ ನಾನು ಓದಿದೆ. ಬಿ.ಎ. ಮಾಡಿದೆ, ಅದೂ ಮೂರನೇ ದರ್ಜೆಯಲ್ಲಿ. ಆದರೆ ನಮ್ಮೂರಿಗೆ ನಾನೇ ಮೊದಲ ಬಿ.ಎ. ಆದ್ದರಿಂದ ದರ್ಜೆಯ ವಿಚಾರ ಯಾರೂ ಎತ್ತಲಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ನಮ್ಮ ಒಟ್ಟು ಕುಟುಂಬದ ಯಜಮಾನರು. ಅಪ್ಪ ಕೊಳ್ಳುವವರು, ಮಾರುವವರು. ದೊಡ್ಡಪ್ಪ ಹಣ ಇಡುವವರು. ನಡುಮನೆಯಲ್ಲಿ ಒಂದು ಹಲಸಿನ ಮರದ ಪೆಟ್ಟಿಗೆ ಇತ್ತು, ಅದರ ಬೀಗದ ಕೈ ಗೋಡೆಯ ಮೊಳೆಗೆ ಎಲ್ಲರಿಗೂ ಕಾಣುವ ಹಾಗೆ ನೇತಾಡುತ್ತಿತ್ತು. ನನ್ನ ಕಾಲೇಜಿನ ಫೀಸು ಬಂದದ್ದು ಆ ಪೆಟ್ಟಿಗೆಯಿಂದಲೇ. ದೊಡ್ಡಪ್ಪನಿಗೆ ಮೂವರು ಹೆಣ್ಣುಮಕ್ಕಳು, ಮೂವರಿಗೂ ಮದುವೆಯಾಗಿತ್ತು. ಹಾಗಾಗಿ ನೆಂಟರು ಬಂದಾಗ ನನ್ನನ್ನು ಕರೆದು ನಿಲ್ಲಿಸಿ, ‘ನಮ್ಮ ಬಿ.ಎ.’ ಎಂದು ತೋರಿಸುವುದರಲ್ಲಿ ಅವರಿಗೆ ಒಂದು ಸುಖವಿತ್ತು. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆಗ ನಮ್ಮ ಕಡೆ ದ್ರಾಕ್ಷಿ ಚೆನ್ನಾಗಿ ಬರುತ್ತಿತ್ತು. ಎರಡು ಮೂರು ಬೆಳೆ ಕೈ ಹಿಡಿದದ್ದೇ ದೊಡ್ಡಪ್ಪನಿಗೆ ಟ್ರ್ಯಾಕ್ಟರಿನ ಆಸೆ ಹುಟ್ಟಿತು. ಸುತ್ತ ಹತ್ತು ಊರಲ್ಲಿ ಟ್ರ್ಯಾಕ್ಟರ್ ಇರಲಿಲ್ಲ. ಅಂದಿನ ಕಾಲದಲ್ಲಿ ಹಣವಿದ್ದರೆ ಸಾಲದು, ಡೀಲರ ಹತ್ತಿರ ಹೆಸರು ಬರೆಸಿ ಸರದಿಗಾಗಿ ಕಾಯಬೇಕಿತ್ತು. ನಾವು ಎರಡು ವರ್ಷ ಕಾದೆವು. ಟ್ರ್ಯಾಕ್ಟರು ಬರುವ ಮೊದಲೇ ಅದಕ್ಕೆ ಕೊಟ್ಟಿಗೆ ಕಟ್ಟಿಯಾಗಿತ್ತು. ಅಮ್ಮ ಅಭ್ಯಾಸಬಲದಿಂದ ಅಲ್ಲಿ ಒಂದು ಬಾನಿಯನ್ನೂ ಹುಗಿಸಿದ್ದಳು. ಟ್ರ್ಯಾಕ್ಟರು ಕಲಗಚ್ಚು ಕುಡಿಯುವುದಿಲ್ಲ ಎಂದು ದೊಡ್ಡಪ್ಪ ಗದರಿದ ಮೇಲೆ ಅದರಲ್ಲಿ ಕನಕಾಂಬರ ಹಾಕಿದಳು.

ಸರದಿ ಬಂತೆಂದು ಡೀಲರ ಕಾರ್ಡು ಬಂದಾಗ ದೊಡ್ಡಪ್ಪನ ಮಂಡಿ ಊದಿಕೊಂಡಿತ್ತು. ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕೂರುವ ಸ್ಥಿತಿಯಲ್ಲಿ ಅವರಿರಲಿಲ್ಲ. ಇಪ್ಪತ್ತಮೂರು ಸಾವಿರ ರೂಪಾಯಿಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟರು. ಜೊತೆಗೆ ನನ್ನನ್ನೂ ಕೊಟ್ಟರು. “ಕಾಗದ ಪತ್ರ ಎಲ್ಲಾ ಇಂಗ್ಲೀಷಲ್ಲಿರ್ತವೆ. ಇವನಿರ್ಲಿ. ಬಿ.ಎ. ಓದಿರೋನ್ ಕಣ್ಮುಂದೆ ಯಾರ್ ಮೋಸ ಮಾಡ್ತಾರೆ,” ಎಂದರು. ಕಟ್ಟೆಯ ಮೇಲೆ ಕೂತಿದ್ದವರಿಗೂ ಕೇಳಿಸುವ ಹಾಗೆ ಹೇಳಿದರು.

ಅಪ್ಪ ವ್ಯಾಪಾರದ ಟವೆಲ್ ಹಾಕಿಕೊಂಡಿದ್ದರು. ಕೈಚೀಲದಲ್ಲಿ ಏನೋ ಉಬ್ಬಿಕೊಂಡಿತ್ತು. ಡೀಲರ ಅಂಗಡಿಯ ಗಾಜಿನ ಬಾಗಿಲ ಮುಂದೆ ನಿಂತಾಗ ನೋಡಿದೆ, ಹೊಸ ಹಗ್ಗ. ದನ ಮಾರುವವನು ತನ್ನ ಹಗ್ಗವನ್ನು ಕೊಡುವುದಿಲ್ಲ, ಹಗ್ಗ ಹೋದರೆ ಕೊಟ್ಟಿಗೆಯ ಸಿರಿಯೇ ಹೋಗುತ್ತದೆಂಬ ನಂಬಿಕೆ. ಅದಕ್ಕೆ ಕೊಳ್ಳುವವನೇ ಹೊಸ ಹಗ್ಗ ಒಯ್ಯಬೇಕು. ಟ್ರ್ಯಾಕ್ಟರಿಗೆ ಯಾಕೆ ಹಗ್ಗ ಎಂದರೆ, “ಇರ್ಲಿ ಬಾರಪ್ಪ, ಶಾಸ್ತ್ರ,” ಎಂದರು. ನನಗೆ ನಾಚಿಕೆಯಿಂದ ಮೈ ಮುದುಡಿತು. ನಾನು ಅಂದು ಇಸ್ತ್ರಿ ಹಾಕಿದ ಪ್ಯಾಂಟು ತೊಟ್ಟಿದ್ದೆ, ಬೂಟು ಗೆಳೆಯನದು. ಒಳಗೆ ಹೋಗುವಾಗ ಅಪ್ಪನಿಂದ ಎರಡು ಹೆಜ್ಜೆ ದೂರ ನಡೆದೆ. ಇವತ್ತು ನೆನೆದರೆ ಆ ಎರಡು ಹೆಜ್ಜೆಯಲ್ಲೇ ಎಲ್ಲ ಕೆಟ್ಟಿತು ಅನ್ನಿಸುತ್ತದೆ.

ಮ್ಯಾನೇಜರು ಬಿಳಿ ಪ್ಯಾಂಟಿನ ಮನುಷ್ಯ. ನೋಡಿದ ಕೂಡಲೇ ಯಾರು ಏನು ಎಂದು ಅಳೆದುಬಿಟ್ಟ. ಅಪ್ಪನಿಗೆ ಗೋಡೆ ಪಕ್ಕದ ಬೆಂಚು ತೋರಿಸಿದ, ನನಗೆ ತನ್ನ ಎದುರಿನ ಮೆತ್ತೆಯ ಕುರ್ಚಿ. ಅಪ್ಪನಿಗೆ ಗಾಜಿನ ಲೋಟದಲ್ಲಿ ಕಾಫಿ ಬಂತು, ನನಗೆ ಪಿಂಗಾಣಿ ಕಪ್ಪು ಸಾಸರಿನಲ್ಲಿ. ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದ. ಯಾವ ಕಾಲೇಜು, ಏನು ಓದಿದ್ದು ಎಂದು ವಿಚಾರಿಸಿ, ಓದಿದವರ ಜೊತೆ ವ್ಯವಹಾರ ಮಾಡುವುದೇ ಸಂತೋಷ ಎಂದ. ನನ್ನ ಇಪ್ಪತ್ತೆರಡು ವರ್ಷದಲ್ಲಿ ಯಾರೂ ನನ್ನ ಜೊತೆ ವ್ಯವಹಾರದ ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ಮಾತಾಡಿರಲಿಲ್ಲ. ಪಾಠದ ಇಂಗ್ಲಿಷು ಬೇರೆ, ಇದು ಬೇರೆ. ಅರ್ಧ ಅರ್ಥವಾಯಿತು, ಉಳಿದರ್ಧಕ್ಕೆ ತಲೆ ಆಡಿಸಿದೆ.

ಅಷ್ಟರಲ್ಲಿ ಅಪ್ಪ ಬೆಂಚಿನಿಂದ ಎದ್ದು ಟ್ರ್ಯಾಕ್ಟರಿನ ಸುತ್ತ ಮೂರು ಸಲ ಬಂದಿದ್ದರು. ಚಕ್ರ ಮುಟ್ಟಿದರು, ಮೂತಿ ಸವರಿದರು. ಹಿಂದಿನಿಂದ ಬಗ್ಗಿ ನೋಡಿದರು. ದನದ ಮೈಮೇಲೆ ನೋಡುವ ಹಾಗೆ ಒಳ್ಳೆಯ ಸುಳಿ, ಕೆಟ್ಟ ಸುಳಿ ಹುಡುಕುತ್ತಿದ್ದಾರೋ ಏನೋ ಎಂದು ನನಗೆ ಗಾಬರಿ. ಆಮೇಲೆ ಮ್ಯಾನೇಜರ ಮುಂದೆ ಬಂದು, ಎಷ್ಟಕ್ಕೆ ಎಂದು ಕೇಳಿದರು. ಇಪ್ಪತ್ತೆರಡು ಸಾವಿರ ಎಂದ. ಅಪ್ಪ ಹೆಗಲಿನ ಟವೆಲಿಗೆ ಕೈ ಹಾಕಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಮ್ಯಾನೇಜರು ನಗಲಿಲ್ಲ. ಕುರ್ಚಿಯಿಂದ ಎದ್ದು, ತೋಳು ಮಡಿಸಿ, ಕೈ ಚಾಚಿದ. ನಮ್ಮಂಥವರನ್ನು ಅವನು ಬೇಕಾದಷ್ಟು ನೋಡಿದ್ದ. ಟವೆಲಿನ ಕೆಳಗೆ ಎರಡು ಕೈಗಳೂ ಸ್ವಲ್ಪ ಹೊತ್ತು ಆಡಿದವು. ಅಪ್ಪ ಕಣ್ಣು ಅರ್ಧ ಮುಚ್ಚಿದ್ದರು, ಒಳ್ಳೆಯ ವ್ಯಾಪಾರದಲ್ಲಿ ಅವರು ಹಾಗೇ ಮಾಡುವುದು. ಕೊನೆಗೆ ಮ್ಯಾನೇಜರು ಸೋತವನ ಹಾಗೆ ತಲೆ ಆಡಿಸಿ, “ನಿಮ್ ಕೈ ಭಾರಿ ಕೈ ಗೌಡ್ರೇ,” ಎಂದ. ಸಾವಿರ ಇಳಿದಿತ್ತು, ಇಪ್ಪತ್ತೊಂದಕ್ಕೆ ನಿಂತಿತ್ತು. ಅಪ್ಪನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲಂತೂ ನೋಡಲಿಲ್ಲ.

ಇಪ್ಪತ್ತೊಂದು ಸಾವಿರಕ್ಕೆ ಅಚ್ಚಾದ ಬಿಲ್ಲು ಬಂತು. ಅದರ ಹಿಂದೆಯೇ ಒಂದು ಸಣ್ಣ ಚೀಟಿ ಬಂತು, ಪೆನ್ಸಿಲಿನಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿ ಐದು ಸಾಲು. ಗಾಡಿ ತರಿಸಿದ ಸಾಗಣೆ, ದಾರಿಯ ಇನ್ಶೂರೆನ್ಸು, ಹ್ಯಾಂಡ್ಲಿಂಗು, ಕೊಡುವ ಮೊದಲಿನ ಸರ್ವೀಸು, ಐದನೆಯದು ‘ಇನ್ಸಿಡೆಂಟಲ್ಸ್’. ಒಟ್ಟು ಸಾವಿರದ ಎಂಟುನೂರು ರೂಪಾಯಿ.

ಅಪ್ಪನಿಗೆ ಅರ್ಥವಾಗಲಿಲ್ಲ. ಬೆರಳು ಹಿಡಿದ ಮೇಲೆ ವ್ಯಾಪಾರ ಮುಗಿಯಿತು, ಆಮೇಲೆ ಹಗ್ಗ ಒಂದು ಬಿಟ್ಟು ಬೇರೆ ಮಾತಿಲ್ಲ, ಅದು ಅವರಿಗೆ ಗೊತ್ತಿದ್ದ ಲೋಕ. ಮ್ಯಾನೇಜರು ಮೆತ್ತಗೆ, ಅದು ಗಾಡಿಯ ಬೆಲೆ, ಇದು ಮೇಲಿನ ಖರ್ಚು ಎಂದ. ಅಪ್ಪ ಟವೆಲ್ ಕೊಡವಿ ಎದ್ದರು. ನಾಲ್ಕು ಹೆಜ್ಜೆ ಬಾಗಿಲ ಕಡೆ ನಡೆದರು. ಮ್ಯಾನೇಜರು ಕೂಗಲಿಲ್ಲ. ಕುರ್ಚಿಗೆ ಒರಗಿಕೊಂಡು, ಪುಸ್ತಕ ತೆರೆದು, ನಮ್ಮ ಹಿಂದೆ ಸರದಿಯಲ್ಲಿರುವವನ ಹೆಸರನ್ನು ಓದತೊಡಗಿದ. ಎಂಟನೆಯ ಹೆಜ್ಜೆಗೆ ಅಪ್ಪ ನಿಂತರು. ಎರಡು ವರ್ಷ ಕಾದಿದ್ದ ದೊಡ್ಡಪ್ಪ ಕಣ್ಣ ಮುಂದೆ ಬಂದಿರಬೇಕು. ಎದ್ದು ಹೋಗಲಾರದವನು ಚೌಕಾಸಿ ಮಾಡಲಾರ ಎಂಬುದು ನನಗೆ ಅರ್ಥವಾಗಲು ಬಹಳ ವರ್ಷ ಹಿಡಿಯಿತು. ಅಪ್ಪನಿಗೆ ಅಲ್ಲೇ, ನಿಂತಲ್ಲೇ ಅರ್ಥವಾಗಿರಬೇಕು.

ಹಿಂದಕ್ಕೆ ಬಂದು ಅಪ್ಪ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟರು. “ನೋಡಪ್ಪ, ಇದ್ರಾಗೆ ಏನ್ ಬರ್ದವ್ರೆ? ಕೊಡ್ಬೇಕಾ?” ಎಂದು ಕೇಳಿದರು.

ಆ ಐದು ಸಾಲಿನಲ್ಲಿ ನನಗೆ ತಿಳಿದದ್ದು ಎರಡು. ಗೊತ್ತಿಲ್ಲ ಎನ್ನಬಹುದಿತ್ತು. ಇದು ಏನು, ಯಾಕೆ ಎಂದು ಕನ್ನಡದಲ್ಲೇ ಕೇಳಬಹುದಿತ್ತು. ಈಗ ಮೂರು ರೂಪಾಯಿಗೆ ಒಂದು ಗಂಟೆ ಕೇಳುವವನು ಆಗ ಒಂದು ನಿಮಿಷ ಕೇಳಲಿಲ್ಲ. ಮೆತ್ತೆಯ ಕುರ್ಚಿ, ಪಿಂಗಾಣಿ ಕಪ್ಪು, ಎದುರಿಗೆ ನನ್ನನ್ನೇ ನೋಡುತ್ತಿದ್ದ ಬಿಳಿ ಪ್ಯಾಂಟು. “ಇವೆಲ್ಲಾ ಇರೋದೇ ಅಪ್ಪಾ, ಕಂಪನಿ ರೂಲ್ಸು,” ಎಂದೆ. ನಾನು ಹಾಗೆಂದ ಮೇಲೆ ಅಪ್ಪ ಇನ್ನೊಂದು ಮಾತಾಡಲಿಲ್ಲ. ಹಳದಿ ಬಟ್ಟೆ ಬಿಚ್ಚಿದರು.

ಮ್ಯಾನೇಜರು ಹಣ ಎಣಿಸಿಕೊಂಡು ನನಗೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿದ. ಈ ಮೇಲಿನ ಖರ್ಚಿಗೆ ರಸೀದಿ ಬೇಕಾದರೆ ಟ್ಯಾಕ್ಸು ಸೇರುತ್ತದೆ, ಗಾಡಿ ಕೊಡುವುದೂ ಒಂದು ವಾರ ತಡವಾಗುತ್ತದೆ, ನಿಮ್ಮಂಥ ತಿಳಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ ಎಂದ. ನಾನು ‘ಆಲ್ ರೈಟ್’ ಎಂದೆ. ಅವನು ಆ ಪೆನ್ಸಿಲ್ ಚೀಟಿಯನ್ನು ಮಡಿಸಿ ತನ್ನ ಜೇಬಿಗೇ ಹಾಕಿಕೊಂಡ. ಅವರೇನಂದರು ಎಂದು ಅಪ್ಪ ಕೇಳಿದರು. ಏನಿಲ್ಲ ಎಂದೆ.

ಕಂಪನಿಯ ಡ್ರೈವರು ಟ್ರ್ಯಾಕ್ಟರು ಓಡಿಸಿದ. ನಾವಿಬ್ಬರೂ ಎರಡೂ ಚಕ್ರದ ಮೇಲಿನ ತಗಡಿನ ಮೇಲೆ ಕೂತು ಮೂವತ್ತು ಮೈಲಿ ಕುಲುಕಿಕೊಂಡು ಬಂದೆವು. ಅಪ್ಪ ಹೊಸ ಹಗ್ಗವನ್ನು ಟ್ರ್ಯಾಕ್ಟರಿನ ಮೂತಿಗೆ ಕಟ್ಟಿದ್ದರು. ದೇವನಹಳ್ಳಿಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಗುರುತಿನವರು ಸುತ್ತುವರಿದರು. ಅಪ್ಪ ತಡೆಯಲಾರದೆ, ಸಾವಿರ ಇಳಿಸಿ ಇಪ್ಪತ್ತೊಂದಕ್ಕೆ ತಂದೆ ಎಂದುಬಿಟ್ಟರು. ಟವೆಲಿನ ಕೆಳಗಿನ ಬೆಲೆಯನ್ನು ಅಪ್ಪ ಹೊರಗೆ ಆಡಿದ್ದು ಜನ್ಮದಲ್ಲಿ ಅದೊಂದೇ ಸಲ. ಮೇಲಿನ ಖರ್ಚು ಅವರ ಮನಸ್ಸಿನಲ್ಲಿ ಬೆಲೆಯಲ್ಲ, ಮಗ ಹೇಳಿದ ರೂಲ್ಸು. ಊರು ಮುಟ್ಟುವ ಮೊದಲೇ ಆ ಇಪ್ಪತ್ತೊಂದು ಸಾವಿರ ಊರು ಮುಟ್ಟಿತ್ತು.

ಆರತಿ ಆಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ದೊಡ್ಡಪ್ಪ ಊದಿದ ಮಂಡಿಯಲ್ಲೇ ಹತ್ತಿ ಕೂತು ಇಳಿದರು. ಮಾರನೆಯ ಬೆಳಿಗ್ಗೆ ನಡುಮನೆಯಲ್ಲಿ ಪೆಟ್ಟಿಗೆ ತೆರೆದುಕೊಂಡು, ಉಳಿದದ್ದು ಕೊಡು ನಾರಾಯಣ ಎಂದರು. ಅವರ ಲೆಕ್ಕದಲ್ಲಿ ಎರಡು ಸಾವಿರ ಉಳಿಯಬೇಕು. ಅಪ್ಪ ಕೊಟ್ಟದ್ದು ನೂರ ಎಂಬತ್ತು ಚಿಲ್ಲರೆ. ಮೇಲಿನ ಖರ್ಚಾಯಿತಣ್ಣ ಎಂದರು. ಏನು ಖರ್ಚು, ಚೀಟಿ ಎಲ್ಲಿ ಎಂದು ದೊಡ್ಡಪ್ಪ ಕೇಳಿದರು. ಕೇಳಿದ್ದರಲ್ಲಿ ಅನುಮಾನವಿರಲಿಲ್ಲ. ಚೀಟಿ ಇಲ್ಲ ಎಂದಾಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಹೊಸಕೋಟೆ ಕಡೆ, ನನ್ನ ಸೋದರಮಾವನ ಮನೆಗೆ ಆ ತಿಂಗಳೇ ಹೊಸ ಹೆಂಚು ಬಿದ್ದಿತ್ತು. ಅದು ಅವಳ ತಲೆಗೆ ಬಂದದ್ದು ನನಗೂ ಕಾಣಿಸಿತು, ಅಮ್ಮನಿಗೂ ಕಾಣಿಸಿತು.

ಅಪ್ಪ ನನ್ನ ಕಡೆ ನೋಡಿದರು. ದೊಡ್ಡಪ್ಪನೂ ನನ್ನ ಕಡೆ ತಿರುಗಿದರು. “ನೀನಿದ್ಯಲ್ಲಪ್ಪ. ನೀನ್ ಹೇಳು, ಏನ್ ಖರ್ಚು?”

ನಾನು ಬಾಯಿ ತೆರೆದರೆ ಏನು ಹೇಳಬೇಕಿತ್ತು? ಆ ಚೀಟಿ ನನಗೆ ಅರ್ಥವಾಗಲಿಲ್ಲ, ಅರ್ಥವಾದ ಹಾಗೆ ನಟಿಸಿದೆ, ರಸೀದಿ ಬೇಡ ಎಂದವನೂ ನಾನೇ. ಬಿ.ಎ. ಓದಿಸಿದ ಪೆಟ್ಟಿಗೆಯ ಮುಂದೆ ನಿಂತು ಇದನ್ನು ಹೇಳಬೇಕಿತ್ತು. “ದುಡ್ ಕೊಡೋವಾಗ ನಾನ್ ಒಳಗಿರ್ಲಿಲ್ಲ ದೊಡ್ಡಪ್ಪ. ಹೊರಗೆ ಗಾಡಿ ನೋಡ್ತಿದ್ದೆ,” ಎಂದೆ.

ಅಪ್ಪ ನನ್ನ ಮೇಲಿಂದ ಕಣ್ಣು ತೆಗೆದು ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ, “ಹೂನಣ್ಣ, ಅವನು ಹೊರಗಿದ್ದ,” ಎಂದರು.

ಜಗಳ ಆಗಲಿಲ್ಲ. ಜಗಳ ಆಗಿದ್ದರೆ ನಾಲ್ಕು ಮಾತು ಹೊರಗೆ ಬಂದು, ಅದರಲ್ಲಿ ಒಂದಾದರೂ ನಿಜ ಇರುತ್ತಿತ್ತು. ಕಳ್ಳ ಎಂಬ ಮಾತನ್ನು ಯಾರೂ ಆಡಲಿಲ್ಲ. ಮೊಳೆಗೆ ನೇತಾಡುತ್ತಿದ್ದ ಬೀಗದ ಕೈ ಮಾತ್ರ ಮರುದಿನದಿಂದ ದೊಡ್ಡಮ್ಮನ ಸೊಂಟಕ್ಕೆ ಹೋಯಿತು. ದ್ರಾಕ್ಷಿ ಮಾರಲು ಅಪ್ಪನ ಬದಲು ದೊಡ್ಡಪ್ಪನ ಹಿರಿಯ ಅಳಿಯ ಹೋದ. ಅಮ್ಮ ತವರಿಗೆ ಹೋಗುವುದನ್ನು ನಿಲ್ಲಿಸಿದಳು. ಹೋದರೆ ಕೈಯಲ್ಲಿ ಏನು ಒಯ್ಯುತ್ತಿದ್ದಾಳೆಂದು ನೋಡುತ್ತಾರೆ ಎನ್ನುತ್ತಿದ್ದಳು. ನಾನು ಅಷ್ಟರಲ್ಲಿ ದೊಡ್ಡಬಳ್ಳಾಪುರದಲ್ಲಿ ಮೇಷ್ಟ್ರಾಗಿದ್ದೆ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ, ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಇದಕ್ಕಿಂತ ದೊಡ್ಡ ಹಾಸ್ಯ ಬೇಕೇ?

ವರ್ಷ ತುಂಬುವುದರೊಳಗೆ ಮನೆ ಎರಡಾಯಿತು, ನಡುವೆ ಗೋಡೆ ಎದ್ದಿತು. ಪಾಲು ಮಾಡುವಾಗ ಅಪ್ಪ ಟ್ರ್ಯಾಕ್ಟರಿನಲ್ಲಿ ಭಾಗ ಕೇಳಲಿಲ್ಲ, ಮನೆಯ ಒಂದು ಜೊತೆ ಎತ್ತು ಕೇಳಿದರು. ಘಾಟಿಗೆ ಹೋಗುವುದನ್ನೂ ಬಿಟ್ಟರು. ಮೊದಲ ವರ್ಷ ಇಬ್ಬರು ಮೂವರು ಬಂದು ಕರೆದರು. ಲೆಕ್ಕ ಬರೆದಿಟ್ಟುಕೊಳ್ಳುವವರನ್ನು ಕರೆದುಕೊಂಡು ಹೋಗಿ ಎಂದು ಕಳಿಸಿದರು. ಎರಡನೆಯ ವರ್ಷ ಯಾರೂ ಕರೆಯಲಿಲ್ಲ. ಒಂದು ದಿನ ಹೊಲದಿಂದ ಬಂದ ಅಪ್ಪ ಕೆಂಪಂಚಿನ ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದುದನ್ನು ನೋಡಿದೆ. ನೋಡಿ ಒಳಗೆ ಹೋಗಿ ಪೇಪರು ತಿದ್ದಲು ಕೂತೆ.

ದೊಡ್ಡಪ್ಪ ಕೆಟ್ಟವರಲ್ಲ. ಪ್ರತಿ ವರ್ಷ ಮಳೆ ಬಿದ್ದ ಕೂಡಲೇ ಡ್ರೈವರಿಗೆ, ಮೊದಲು ತಮ್ಮನ ಹೊಲ ಉತ್ತು ಬಾ ಎಂದು ಹೇಳಿ ಕಳಿಸುತ್ತಿದ್ದರು. ಅಪ್ಪ ಬದುವಿನ ಮೇಲೆ ನಿಂತು ಅವನಿಗೆ ಮಜ್ಜಿಗೆ ಕೊಟ್ಟು ವಾಪಸ್ ಕಳಿಸುತ್ತಿದ್ದರು. ಆಮೇಲೆ ಎತ್ತು ಹೂಡುತ್ತಿದ್ದರು. ಪಕ್ಕದ ಹೊಲದಲ್ಲಿ ಟ್ರ್ಯಾಕ್ಟರು ಅರ್ಧ ಗಂಟೆಯಲ್ಲಿ ಮುಗಿಸುವಷ್ಟನ್ನು ಅಪ್ಪ ಎರಡು ದಿನ ಉಳುತ್ತಿದ್ದರು. ರಜೆಯ ದಿನ ನಾನು ಅವರ ಹಿಂದೆ ಬಿತ್ತುತ್ತಾ ಹೋಗುತ್ತಿದ್ದೆ. ಆ ವಿಷಯ ಎತ್ತಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅಪ್ಪ ಅದೇ ಹೊತ್ತಿಗೆ ಎತ್ತನ್ನು ಗದರುತ್ತಿದ್ದರು, ಇಲ್ಲವೇ ನನ್ನ ಬಸ್ಸಿನ ವಿಚಾರ ಕೇಳುತ್ತಿದ್ದರು. ಬೇಕೆಂದೇ ಹಾಗೆ ಮಾಡುತ್ತಿದ್ದರೋ ಏನೋ, ನನಗಂತೂ ಅನುಕೂಲವೇ ಆಗುತ್ತಿತ್ತು.

ನಾಲ್ಕೈದು ವರ್ಷದ ಮೇಲೆ ಸ್ಟಾಫ್ ರೂಮಿಗೆ ಸಹೋದ್ಯೋಗಿಯೊಬ್ಬರ ಭಾವ ಬಂದಿದ್ದರು, ಕೃಷಿ ಇಲಾಖೆಯವರು. ಮಾತಿಗೆ ಮಾತು ಬಂದು ಟ್ರ್ಯಾಕ್ಟರಿನ ಬೆಲೆಯ ಸುದ್ದಿ ಬಂತು. ಆ ವರ್ಷಗಳಲ್ಲಿ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿತ್ತಂತೆ. ನಾವು ಕೊಂಡ ಗಾಡಿಗೆ ಗೊತ್ತಾಗಿದ್ದ ಬೆಲೆ ಎಷ್ಟೆಂದು ಕೇಳಿದೆ. ಇಪ್ಪತ್ತೊಂದು ಸಾವಿರ. ಸಾಗಣೆಯೂ ಇನ್ಶೂರೆನ್ಸೂ ಅದರಲ್ಲೇ ಸೇರಿತ್ತು, ಕೊಡುವ ಮೊದಲು ಗಾಡಿ ಸರಿನೋಡುವುದು ಡೀಲರ ಧರ್ಮ, ಹ್ಯಾಂಡ್ಲಿಂಗೂ ಇನ್ಸಿಡೆಂಟಲ್ಲೂ ಕೇಳಿದವನ ಬಾಯಿಗೆ ಬಂದ ಹಾಗೆ. “ಯಾಕೆ ಅಂತ ಒಂದ್ ಮಾತು ಕೇಳಿದ್ರೆ ಅರ್ಧ ಅಲ್ಲೇ ಬಿಟ್ಟಿರೋನು. ಕೇಳೋರೇ ಇರ್ಲಿಲ್ಲ,” ಎಂದರು ಅವರು, ನಗುತ್ತಾ. ಹಾಗಾದರೆ ಅಪ್ಪ ಇಳಿಸಿದ ಸಾವಿರವೂ ಸುಳ್ಳು. ಟವೆಲಿನ ಕೆಳಗೆ ಆ ಬಿಳಿ ಪ್ಯಾಂಟಿನವನು ಅಪ್ಪನನ್ನು ಆಟ ಆಡಿಸಿದ್ದ. ಇದನ್ನು ಮಾತ್ರ ಅಪ್ಪನಿಗೆ ಹೇಳದೆ ಇದ್ದುದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಅಪ್ಪ ಮೂರು ದಿನದ ಜ್ವರದಲ್ಲಿ ಹೋದರು. ದೊಡ್ಡಪ್ಪ ಗೋಡೆ ಸುತ್ತಿಕೊಂಡು ಬಂದರು. ನೆಂಟರೆಲ್ಲ ಹೊಸ ಬಟ್ಟೆ ಹೊದಿಸುತ್ತಿದ್ದರು, ಪಂಚೆ, ಶಲ್ಯ. ದೊಡ್ಡಪ್ಪ ಹೊದಿಸಿದ್ದು ಒಂದು ಟವೆಲು, ದಪ್ಪ ನೂಲಿನದು, ಕೆಂಪು ಅಂಚಿನದು. ಅದನ್ನು ಅಪ್ಪನ ಬಲಗೈಯ ಮೇಲೆ ಸರಿಯಾಗಿ ಬರುವ ಹಾಗೆ ಎಳೆದು, ತಾವೂ ಒಂದು ಕೈಯನ್ನು ಅದರ ಕೆಳಗೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಯಾರೋ ಹೊತ್ತಾಯಿತು ಎಂದ ಮೇಲೆ ಎದ್ದರು.

ಅವರು ಹಾಗೆ ಕೂತದ್ದು ನನ್ನನ್ನು ಒಂದು ವರ್ಷ ಕಾಡಿತು. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಹೋದೆ. ದೊಡ್ಡಪ್ಪ ಟ್ರ್ಯಾಕ್ಟರಿನ ಕೊಟ್ಟಿಗೆಯ ನೆರಳಲ್ಲಿ ಕಾಲು ಚಾಚಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಟ್ರ್ಯಾಕ್ಟರು ಕೆಟ್ಟು ನಿಂತಿತ್ತು, ಅದರ ಮೂತಿಗೆ ಅಪ್ಪ ಕಟ್ಟಿದ್ದ ಹಗ್ಗ ಎಣ್ಣೆ ಕುಡಿದು ಕಪ್ಪಾಗಿ ಹಾಗೇ ಇತ್ತು. ನಿಂತುಕೊಂಡೇ ಎಲ್ಲ ಹೇಳಿದೆ. 

ಕುರ್ಚಿ, ಕಪ್ಪು, ಚೀಟಿ, ‘ಆಲ್ ರೈಟ್’, ಏನೂ ಬಿಡಲಿಲ್ಲ. ನಾನು ಹೊರಗಿರಲಿಲ್ಲ, ಒಳಗೇ ಇದ್ದೆ ಎಂದೆ. ಹೇಳಿ ಮುಗಿಸಿದಾಗ ನನಗೆ ಹಗುರವಾಯಿತು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜವಾಗಿಯೂ ಹಗುರವಾಯಿತು. ಇನ್ನು ಬೈಯಲಿ, ಹೊಡೆಯಲಿ ಎಂದು ನಿಂತೆ.

ದೊಡ್ಡಪ್ಪ ಬೈಯಲಿಲ್ಲ. ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ಪಕ್ಕಕ್ಕೆ ಹಾಕಿದರು. ಇನ್ನೊಂದು ಎತ್ತಿಕೊಂಡು ಹಾಗೇ ಹಿಡಿದಿದ್ದರು.

“ಎಂಟ್ ವರ್ಷ ಅವನು ಆ ಗೋಡೆಯಾಚೆ ಇದ್ದ, ನಾನ್ ಈಚೆ ಇದ್ದೆ,” ಎಂದರು. “ನೀನು ದಿನಾ ಎರಡೂ ಮನೇಲಿ ಕಾಫಿ ಕುಡೀತಿದ್ದೆ.”

ಅವರು ಗೋಡೆಯ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳುವವರ ಮುಖ ಅದು.

“ಈಗ್ ಬಂದು ಹೇಳ್ತೀಯಲ್ಲಪ್ಪ. ನಾನೀಗ ಯಾರ್ ತಾವ ಹೋಗ್ಲಿ?”